ರಕ್ತ ಹೋಯಿತು, ರಿಪೋರ್ಟ್ ಬರಲಿಲ್ಲ: ಎಥಿಕ್ಸ್ ಕಮಿಟಿಗಳಿಗೊಂದು ಬಹಿರಂಗ ಪತ್ರ

ಆದಿವಾಸಿಗಳ ನಡುವೆ ಆರೋಗ್ಯ ಸಂಶೋಧನೆ ಮಾಡಲು ಅನುಮತಿ ಕೊಡುವ ಎಥಿಕ್ಸ್ ಕಮಿಟಿಗಳ ಮಾನ್ಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ಚಾಮರಾಜನಗರ ಜಿಲ್ಲೆಯ ಒಬ್ಬ ಫೀಲ್ಡ್ ವರ್ಕರ್ ಮಾಡುವ ನಮಸ್ಕಾರಗಳು.

ನೀವು ನನ್ನನ್ನು ನೋಡಿಲ್ಲ. ನಾನೂ ನಿಮ್ಮನ್ನು ನೋಡಿಲ್ಲ. ಆದರೆ ನಿಮ್ಮ ಸೀಲು ಬಿದ್ದ ಕಾಗದಗಳನ್ನು ಒಂಬತ್ತು ವರ್ಷ ಚೀಲದಲ್ಲಿ ಹೊತ್ತು ಇಲ್ಲಿನ ಸೋಲಿಗ ಆದಿವಾಸಿಗಳ ಪೋಡುಗಳನ್ನು, ಅಂದರೆ ಹಾಡಿಗಳನ್ನು ಸುತ್ತಿದ್ದೇನೆ. ಮನೆ ಮನೆಗೆ ಹೋಗಿ ಪ್ರಶ್ನೆ ಕೇಳುವುದು, ತೂಕ ನೋಡುವುದು, ರಕ್ತ ತೆಗೆಯುವವರ ಪಕ್ಕ ಕೂತು ಮಕ್ಕಳನ್ನು ಸಮಾಧಾನ ಮಾಡುವುದು ನನ್ನ ಕೆಲಸ. ಬೇರೆ ಬೇರೆ ಸಂಸ್ಥೆಗಳಿಗೆ, ಬೇರೆ ಬೇರೆ ಪ್ರಾಜೆಕ್ಟುಗಳಿಗೆ ದುಡಿದಿದ್ದೇನೆ. ನಾನು ಸೋಲಿಗರವಳಲ್ಲ, ಬೆಟ್ಟದ ಕೆಳಗಿನ ಊರಿನವಳು. ಹಾಗಾಗಿ ಈ ಪತ್ರ ಅವರ ಪರವಾಗಿ ಬರೆದದ್ದಲ್ಲ. ಅವರ ಮಾತು ಅವರೇ ಆಡಬಲ್ಲರು. ನನ್ನ ಕೈಯಿಂದ ಏನೇನು ಆಗಿದೆ ಅನ್ನುವುದನ್ನು ಮಾತ್ರ ಹೇಳುತ್ತೇನೆ.

ಮೊದಲು ಒಂದು ಮಧ್ಯಾಹ್ನದ ಕತೆ. ರಕ್ತಹೀನತೆ ಬಗ್ಗೆ ಒಂದು ಸಂಶೋಧನೆ ನಡೆಯುತ್ತಿತ್ತು. ಜೀಪು ಪೋಡಿಗೆ ಬಂದಾಗ ಹನ್ನೊಂದು ಗಂಟೆ ಆಗಿತ್ತು. ನಾಲ್ಕಕ್ಕೆ ವಾಪಸ್ ಹೊರಡಬೇಕು, ಇಲ್ಲದಿದ್ದರೆ ಐಸ್ ಬಾಕ್ಸಿನ ಐಸ್ ಕರಗಿಬಿಡುತ್ತದೆ. ಒಬ್ಬೊಬ್ಬರ ಒಪ್ಪಿಗೆ ಪತ್ರ ಐದು ಪುಟ. ನೀವು ಮಂಜೂರು ಮಾಡಿದ ಕನ್ನಡ ಅನುವಾದವೇ. ಮೊದಲ ಸಾಲಿನಲ್ಲೇ 'ಸಹಭಾಗಿತ್ವವು ಸಂಪೂರ್ಣ ಸ್ವಯಂಪ್ರೇರಿತವಾಗಿದ್ದು' ಅಂತಿತ್ತು. ಬಿ.ಎ. ಓದಿದ ನಾನೇ ಅದನ್ನು ಎರಡು ಸಲ ಓದಿಕೊಂಡೆ. ಅಂಥ ಐದು ಪುಟವನ್ನು ಮೂವತ್ತೊಂದು ಜನಕ್ಕೆ ಓದಿ ಹೇಳಿ, ಅರ್ಥ ಆಯ್ತಾ ಅಂತ ಕೇಳಿ, ರಕ್ತ ತೆಗೆಸಿ ನಾಲ್ಕರೊಳಗೆ ಮುಗಿಸಬೇಕು. ಲೆಕ್ಕ ನೀವೇ ಹಾಕಿ.

ನಾವು ಏನು ಮಾಡಿದೆವು ಅಂದರೆ, ಎಲ್ಲರನ್ನೂ ಅಂಗನವಾಡಿ ಮುಂದೆ ಕೂರಿಸಿ 'ರಕ್ತ ಟೆಸ್ಟ್ ಮಾಡ್ತೀವಿ, ನಿಮ್ಮ ಒಳ್ಳೇದಕ್ಕೆ, ದುಡ್ಡೇನೂ ಇಲ್ಲ' ಅಂದೆವು. ಆಮೇಲೆ ಸಾಲಾಗಿ ಬಂದು ಹೆಬ್ಬೆಟ್ಟು ಒತ್ತಿದರು. ಇಂಕ್ ಪ್ಯಾಡ್ ನನ್ನ ತೊಡೆ ಮೇಲಿತ್ತು. ಒಬ್ಬರು ಅಜ್ಜಿ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, 'ಅಕ್ಕಿಗೂ ಹೆಬ್ಬೆಟ್ಟು, ಸಾಲಕ್ಕೂ ಹೆಬ್ಬೆಟ್ಟು, ಈಗ ರಕ್ತಕ್ಕೂ ಹೆಬ್ಬೆಟ್ಟಾ ಕೂಸು?' ಅಂತ ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಓದುಬರಹ ಬಾರದವರು ಹೆಬ್ಬೆಟ್ಟು ಒತ್ತಿದರೆ, ಸಂಶೋಧನೆಗೆ ಸಂಬಂಧವಿಲ್ಲದ ಒಬ್ಬರು ಸಾಕ್ಷಿಯಾಗಿ ಪಕ್ಕದಲ್ಲೇ ಇದ್ದು ಸಹಿ ಹಾಕಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುವುದು ಇದನ್ನೇ. ನಿಮಗೆ ಇದು ಬಾಯಿಪಾಠ ಇರಬಹುದು. ಆ ದಿನ ಮೂವತ್ತೊಂದು ಫಾರಂಗಳಿಗೂ ಸಾಕ್ಷಿ ಸಹಿ ಹಾಕಿದ್ದು ನಮ್ಮ ಜೀಪ್ ಡ್ರೈವರ್. ಅದೂ ಸಂಜೆ ವಾಪಸ್ ಬರುವಾಗ, ಟೀ ಅಂಗಡಿ ಮುಂದೆ, ಬಾನೆಟ್ ಮೇಲೆ ಕಾಗದ ಇಟ್ಟುಕೊಂಡು. ಆತ ಒಳ್ಳೆಯ ಮನುಷ್ಯ. 'ಹಾಕಿಬಿಡಣ್ಣ' ಅಂದಿದ್ದು ನಾವು.

ಆ ಫಾರಂಗಳು ನಿಮ್ಮ ಕಡತದಲ್ಲಿ ಇರಬಹುದು. ನೋಡಿದರೆ ಒಂದೂ ತಪ್ಪು ಸಿಗುವುದಿಲ್ಲ. ಹೆಬ್ಬೆಟ್ಟಿದೆ, ಸಾಕ್ಷಿ ಇದೆ, ತಾರೀಕಿದೆ.

ಇನ್ನು ನಾನು ಈ ಪತ್ರ ಬರೆಯಲು ನಿಜವಾದ ಕಾರಣಕ್ಕೆ ಬರುತ್ತೇನೆ. ಅವತ್ತು ರಕ್ತ ಕೊಟ್ಟವರಲ್ಲಿ ಮೂರು ನಾಲ್ಕು ವರ್ಷದ ಒಬ್ಬ ಹುಡುಗನಿದ್ದ. ತುಂಬಾ ಅತ್ತ. ನೇರಳೆ ಮುಚ್ಚಳದ ಟ್ಯೂಬು ತುಂಬುವವರೆಗೂ ಅವನ ಕೈಯನ್ನು ಹಿಡಿದುಕೊಂಡವಳು ನಾನು. ಕೊನೆಗೆ ಒಂದು ಬಿಸ್ಕತ್ತು ಪೊಟ್ಟಣ ಕೊಟ್ಟೆ. ಟ್ಯೂಬಿನ ಮೇಲೆ ಅವನ ಹೆಸರು ಇರಲಿಲ್ಲ, ನಂಬರ್ ಇತ್ತು. ಹೆಸರು ಗುಟ್ಟಾಗಿರಲಿ ಅಂತ ಆ ಏರ್ಪಾಡು, ಒಪ್ಪುತ್ತೇನೆ. ಟ್ಯೂಬು ದೊಡ್ಡ ಊರಿಗೆ ಹೋಯಿತು. ಪ್ರಾಜೆಕ್ಟ್ ಮುಗಿಯಿತು. ಜೀಪು ನಿಂತಿತು, ನನ್ನ ಸಂಬಳವೂ ನಿಂತಿತು.

2023ರ ಜುಲೈ 1ರಂದು ಪ್ರಧಾನಿಯವರು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ನಿರ್ಮೂಲನಾ ಯೋಜನೆಗೆ ಚಾಲನೆ ಕೊಟ್ಟರು. 2047ರೊಳಗೆ ಈ ಕಾಯಿಲೆ ಹೋಗಲಾಡಿಸಬೇಕು, ಅದಕ್ಕಾಗಿ ಬುಡಕಟ್ಟು ಪ್ರದೇಶಗಳಲ್ಲಿ ನಲವತ್ತು ವರ್ಷದೊಳಗಿನ 7 ಕೋಟಿ ಜನರಿಗೆ ಪರೀಕ್ಷೆ ಮಾಡಬೇಕು ಅನ್ನುವುದು ಗುರಿ. ಕರ್ನಾಟಕವೂ ಅದರಲ್ಲಿದೆ. ಒಳ್ಳೆಯ ಕೆಲಸ. ಅದರ ಪರೀಕ್ಷೆಗೆ ಅಂತ ಆಶಾ ಕಾರ್ಯಕರ್ತೆಯ ಜೊತೆ ಅದೇ ಪೋಡಿಗೆ ಹೋದೆ. ನನ್ನನ್ನು ಕಂಡ ತಕ್ಷಣ ಆ ಹುಡುಗನ ತಾಯಿ ಒಳಗೆ ಹೋದಳು. ಕರೆದರೆ ಬಾಗಿಲಲ್ಲೇ ನಿಂತು, 'ಆಗ್ಲೇ ಕೊಟ್ಟಿವಲ್ಲಕ್ಕಾ. ಅದೇನಾಯ್ತು ಹೇಳು, ಆಮೇಲೆ ಇದನ್ನ ಕೊಡ್ತೀವಿ' ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಶಾ ಅಕ್ಕನ ಮುಖ ನೋಡಿ, ಅವಳ ಮೇಲಿನ ನಂಬಿಕೆಯಿಂದ ಕೊನೆಗೆ ಒಪ್ಪಿದಳು. ಹುಡುಗನಿಗೆ ಸಿಕಲ್ ಸೆಲ್ ಕಾಯಿಲೆ ಇತ್ತು.

ಗೊತ್ತಿಲ್ಲದ ಓದುಗರಿಗಾಗಿ ಒಂದು ಮಾತು. ರಕ್ತದ ಕೆಂಪು ಕಣ ದುಂಡಗಿರಬೇಕು. ಈ ಕಾಯಿಲೆಯಲ್ಲಿ ಅದು ಕುಡುಗೋಲಿನ ಹಾಗೆ ಬಾಗಿ, ಗಟ್ಟಿಯಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಬರುವ ಕೈಕಾಲು ನೋವು ಎಂಥದ್ದು ಅಂತ ಆ ತಾಯಿಯನ್ನು ಕೇಳಬೇಕು. ಚಳಿಗಾಲದ ರಾತ್ರಿಗಳಲ್ಲಿ ಹುಡುಗ ಕಿರುಚುತ್ತಿದ್ದ. ವಾಯು ಅಂದುಕೊಂಡು ಎಣ್ಣೆ ತಿಕ್ಕುತ್ತಿದ್ದರು. ಶಾಲೆಯಲ್ಲಿ ಸೋಮಾರಿ ಅನ್ನುತ್ತಿದ್ದರು. ಈಗ ಹೈಡ್ರಾಕ್ಸಿಯೂರಿಯಾ ಗುಳಿಗೆ ಕೊಡುತ್ತಿದ್ದಾರೆ, ನೋವು ಬರುವುದು ಕಮ್ಮಿಯಾಗಿದೆ. ಕಾಯಿಲೆ ಇದೆ ಅಂತ ಗೊತ್ತಿದ್ದರೆ ಜಾಸ್ತಿ ನೀರು ಕುಡಿಸಬಹುದು, ಚಳಿಗೆ ಬೆಚ್ಚಗಿಡಬಹುದು, ಜ್ವರ ಬಂದ ಕೂಡಲೇ ಆಸ್ಪತ್ರೆಗೆ ಓಡಬಹುದು. ಇದಕ್ಕೆಲ್ಲ ದೊಡ್ಡ ಖರ್ಚೇನೂ ಇಲ್ಲ. ಗೊತ್ತಿರಬೇಕು ಅಷ್ಟೇ.

ಮನೆಗೆ ಬಂದು ನನ್ನ ಹಳೆಯ ಡೈರಿ ತೆಗೆದೆ. ಹುಡುಗನ ಹೆಸರಿನ ಮುಂದೆ ನಂಬರ್ ಇತ್ತು. ಆ ಸಂಶೋಧನೆಯಲ್ಲಿ ರಕ್ತಹೀನತೆಗೆ ಕಾರಣ ಹುಡುಕುವಾಗ ಸಿಕಲ್ ಸೆಲ್ ಪರೀಕ್ಷೆಯನ್ನೂ ಮಾಡಿದ್ದರು. ಇಂತಿಷ್ಟು ಜನರಲ್ಲಿ ಕಂಡುಬಂತು ಅಂತ ಲೇಖನವೂ ಅಚ್ಚಾಗಿತ್ತು. ಅಂದರೆ ಆ ನಂಬರಿನ ಮುಂದೆ ಉತ್ತರ ಬರೆದ ಒಂದು ಫೈಲು ಯಾವುದೋ ಕಂಪ್ಯೂಟರಿನಲ್ಲಿ ಇಷ್ಟು ವರ್ಷ ಕೂತಿತ್ತು. ಸಂಸ್ಥೆಗೆ ಫೋನ್ ಮಾಡಿದೆ. 'ಆ ಪ್ರಾಜೆಕ್ಟ್ ಯಾವತ್ತೋ ಕ್ಲೋಸ್ ಆಯ್ತಲ್ಲಮ್ಮಾ' ಅಂದರು. ಪಾಪ, ಮಾತಾಡಿದವರು ಹೊಸಬರು.

ಇದರಲ್ಲಿ ಕೆಟ್ಟವರು ಯಾರೂ ಇಲ್ಲ, ಅದೇ ನನ್ನ ತೊಂದರೆ. ಸಂಶೋಧಕರು ಮೋಸ ಮಾಡಲಿಲ್ಲ, ದುಡ್ಡು ಹೊಡೆಯಲಿಲ್ಲ. ನೀವು ಕೊಟ್ಟ ಅನುಮತಿಯ ಪ್ರಕಾರವೇ ನಡೆದುಕೊಂಡರು. ಆ ಅನುಮತಿಯಲ್ಲಿ ಸೂಜಿ ಎಷ್ಟು ಸಣ್ಣದಿರಬೇಕು, ರಕ್ತ ಎಷ್ಟು ಮಿಲಿ, ಫೈಲಿಗೆ ಪಾಸ್‌ವರ್ಡ್ ಇದೆಯೋ ಇಲ್ಲವೋ ಎಲ್ಲ ಇತ್ತು. ರಿಪೋರ್ಟನ್ನು ಆ ಪೋಡಿಗೆ ಯಾರು, ಯಾವತ್ತು, ಯಾರ ದುಡ್ಡಿನಲ್ಲಿ ಹೊತ್ತು ತರುತ್ತಾರೆ ಅನ್ನುವುದು ಮಾತ್ರ ಇರಲಿಲ್ಲ. ನೀವು ಕೇಳಲಿಲ್ಲ, ಅವರು ಬರೆಯಲಿಲ್ಲ.

ನಮ್ಮ ದೇಶದಲ್ಲಿ ಸಿಕಲ್ ಸೆಲ್ ಮೊದಲು ಪತ್ತೆಯಾಗಿದ್ದು ಎಲ್ಲಿ ಗೊತ್ತಲ್ವಾ? ನಮ್ಮ ಪಕ್ಕದ ನೀಲಗಿರಿಯಲ್ಲಿ, 1952ರಲ್ಲಿ, ಅಲ್ಲಿನ ಬುಡಕಟ್ಟು ಜನರ ರಕ್ತದಲ್ಲಿ. ಆಮೇಲೆ ಮಧ್ಯ ಭಾರತದಲ್ಲಿ, ಗುಜರಾತಿನಲ್ಲಿ, ನಮ್ಮ ಕಡೆ, ಎಷ್ಟೋ ಕಡೆ ರಕ್ತ ತೆಗೆದು ನೋಡಿದರು. 1952ರಿಂದ 2023ಕ್ಕೆ ಎಪ್ಪತ್ತೊಂದು ವರ್ಷ. ಎರಡು ತಲೆಮಾರು ಕಾಯಿಲೆಯ ಹೆಸರೇ ಕೇಳದೆ ಕಳೆದುಹೋಯಿತು.

ಇದು ನಮ್ಮಲ್ಲಿ ಮಾತ್ರ ಆಗುವುದಲ್ಲ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ತಳದಲ್ಲಿ ಹವಾಸುಪಾಯಿ ಅನ್ನುವ ಸಣ್ಣ ಬುಡಕಟ್ಟು ಇದೆ. ಅವರಲ್ಲಿ ಸಕ್ಕರೆ ಕಾಯಿಲೆ ವಿಪರೀತ. 1990ರಿಂದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು ಅವರ ರಕ್ತ ತೆಗೆದರು. ಸಕ್ಕರೆ ಕಾಯಿಲೆಗೆ ಅಂತಲೇ ಜನ ಅಂದುಕೊಂಡಿದ್ದರು. 2003ರಲ್ಲಿ ಆ ಬುಡಕಟ್ಟಿನ ಕಾರ್ಲೆಟಾ ಟಿಲೂಸಿ ಎಂಬ ಹೆಣ್ಣುಮಗಳು ಆ ಯೂನಿವರ್ಸಿಟಿಯಲ್ಲಿ ಒಂದು ಪಿಎಚ್‌ಡಿ ಮಂಡನೆ ಕೇಳಲು ಹೋದಾಗ ಗೊತ್ತಾಯಿತು: ಅದೇ ರಕ್ತದ ಮೇಲೆ ಬೇರೆ ಅಧ್ಯಯನಗಳೂ ನಡೆದಿವೆ. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ, ಒಳಸಂಬಂಧದ ಮದುವೆ, ಇವರ ಪೂರ್ವಜರು ಎಲ್ಲಿಂದ ವಲಸೆ ಬಂದರು ಅನ್ನುವುದು. ಆ ಕಣಿವೆಯಲ್ಲೇ ಹುಟ್ಟಿದವರು ನಾವು ಅಂತ ನಂಬಿದ ಜನರಿಗೆ ಹೇಗಾಗಿರಬೇಡ? ಕೇಸು ಹಾಕಿದರು. 2010ರಲ್ಲಿ ಯೂನಿವರ್ಸಿಟಿ 41 ಜನರಿಗೆ 7 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಉಳಿದಿದ್ದ ರಕ್ತವನ್ನೂ ವಾಪಸ್ ಕೊಟ್ಟಿತು.

ನಮ್ಮ ಆ ಮೂವತ್ತೊಂದು ಟ್ಯೂಬುಗಳ ಉಳಿದ ರಕ್ತ ಈಗ ಎಲ್ಲಿದೆ? ಯಾವ ಫ್ರೀಜರಿನಲ್ಲಿದೆ, ಚೆಲ್ಲಿದರೋ, ಇನ್ಯಾರಿಗಾದರೂ ಕೊಟ್ಟರೋ? ಫಾರಮ್ಮಿನ ನಾಲ್ಕನೇ ಪುಟದಲ್ಲಿ 'ಮುಂದಿನ ಸಂಶೋಧನೆಗೂ ಬಳಸಬಹುದು' ಅಂತ ಒಂದು ಸಾಲಿತ್ತು. ಅವತ್ತು ನಾವು ಅದನ್ನು ಓದಿ ಹೇಳಲೇ ಇಲ್ಲ.

ಖಮ್ಮಂ ವಿಷಯ ನಿಮಗೆ ನೆನಪಿರಲೇಬೇಕು. 2009ರಲ್ಲಿ ಆಗಿನ ಆಂಧ್ರದ ಖಮ್ಮಂನಲ್ಲಿ ಮತ್ತು ಗುಜರಾತಿನ ವಡೋದರದಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆಯಿತು. ಖಮ್ಮಂನಲ್ಲಿ ಎಷ್ಟೋ ಆದಿವಾಸಿ ಹುಡುಗಿಯರ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. ಅಪ್ಪ ಅಮ್ಮನಿಗೆ ಗೊತ್ತೇ ಇರಲಿಲ್ಲ. 2010ರಲ್ಲಿ ಅದನ್ನು ನಿಲ್ಲಿಸಲಾಯಿತು, 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಟೀಕಿಸಿತು. ಲಸಿಕೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಅದು ಜೀವ ಉಳಿಸುವ ಲಸಿಕೆಯೇ. ಆದರೆ ಆ ಗಲಾಟೆಯಿಂದ ಎಚ್‌ಪಿವಿ ಅನ್ನುವ ಹೆಸರಿಗೇ ಜನ ಹೆದರುವಂತಾಯಿತು. ವಾರ್ಡನ್ ಹಾಕಿದ ಸಹಿಗೂ ನಮ್ಮ ಡ್ರೈವರ್ ಹಾಕಿದ ಸಹಿಗೂ ಎಷ್ಟು ದೂರ?

ಒಳ್ಳೆಯದೂ ನಡೆದಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕೆನಡಾದ ಮಾಂಟ್ರಿಯಲ್ ಹತ್ತಿರ ಕಾನವಾಕೆ ಅನ್ನುವ ಮೊಹಾಕ್ ಜನರ ಊರಿದೆ. ಎಂಬತ್ತರ ದಶಕದಲ್ಲಿ ಅಲ್ಲಿನ ಇಬ್ಬರು ವೈದ್ಯರು ಊರಿನಲ್ಲಿ ಸಕ್ಕರೆ ಕಾಯಿಲೆ ಎಷ್ಟಿದೆ ಅಂತ ಲೆಕ್ಕ ತೆಗೆದು, ಆ ಲೆಕ್ಕವನ್ನು ಊರವರ ಮುಂದೆಯೇ ಇಟ್ಟರು. ಕೇಳಿದ ಹಿರಿಯರು, ನಮ್ಮ ಮಕ್ಕಳಿಗೆ ಇದು ಬರದ ಹಾಗೆ ಏನಾದರೂ ಮಾಡಿ ಅಂದರು. ಅದರಿಂದ 1994ರಲ್ಲಿ ಶಾಲಾ ಮಕ್ಕಳಿಗಾಗಿ ಮಧುಮೇಹ ತಡೆಯುವ ಯೋಜನೆ ಶುರುವಾಯಿತು. ಊರಿನ ಸಲಹಾ ಮಂಡಳಿ ಮತ್ತು ಸಂಶೋಧಕರು ಒಟ್ಟಿಗೆ ಕೂತು, ಮಾಹಿತಿ ಯಾರದ್ದು, ಯಾವುದನ್ನು ಹೇಗೆ ಅಚ್ಚು ಮಾಡಬೇಕು ಅಂತ ತಮ್ಮದೇ ನಿಯಮ ಬರೆದುಕೊಂಡರು. ಇಷ್ಟಕ್ಕೂ ಮೊದಲು ಆಗಿದ್ದೇನು ನೋಡಿ. ರಿಪೋರ್ಟ್ ಊರಿಗೆ ವಾಪಸ್ ಬಂತು.

ನಮ್ಮ ಜಿಲ್ಲೆಯಲ್ಲೂ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇದೆ. ಅಲ್ಲಿ ಮೊದಲು ಆಸ್ಪತ್ರೆ, ಶಾಲೆ ಬಂದವು. ವರ್ಷಗಟ್ಟಲೆ ಜೊತೆಗಿದ್ದು ಚಿಕಿತ್ಸೆ ಕೊಡುವವರು ಪ್ರಶ್ನೆ ಕೇಳುವುದಕ್ಕೂ, ಜೀಪಿನಲ್ಲಿ ಬಂದು ನಾಲ್ಕು ಗಂಟೆಗೆ ಹೊರಡುವವರು ಕೇಳುವುದಕ್ಕೂ ವ್ಯತ್ಯಾಸ ಇದೆ. ಜನರಿಗೆ ಅದು ಚೆನ್ನಾಗಿ ಗೊತ್ತು.

ಪ್ರಶ್ನೆಪಟ್ಟಿಯ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಬಹಳ ದಿನದಿಂದ ಹೊಟ್ಟೆಯಲ್ಲಿದೆ. ಒಂದು ಪೌಷ್ಟಿಕಾಂಶ ಸಮೀಕ್ಷೆಯಲ್ಲಿ ಪನೀರ್ ತಿಂದಿರಾ, ಸೇಬು ತಿಂದಿರಾ ಅಂತೆಲ್ಲ ಇತ್ತು. ಕಾಡುಗೆಣಸು, ಕಳಲೆ, ಅಣಬೆ, ಜೇನು, ಬಗೆಬಗೆಯ ಕಾಡುಸೊಪ್ಪು ಯಾವುದೂ ಇರಲಿಲ್ಲ. ಎಲ್ಲವನ್ನೂ 'ಇತರೆ' ಅಂತ ಬರೆಯಿರಿ ಅಂದರು. ಬರೆದೆ. ಆ ಪಟ್ಟಿ ನೋಡಿದರೆ ಪೋಡಿನವರು ಏನೂ ತಿನ್ನುವುದೇ ಇಲ್ಲ ಅನ್ನಿಸಬೇಕು. ಇನ್ನೊಂದರಲ್ಲಿ ಗಂಡ ಹೊಡೆಯುತ್ತಾನಾ, ನೀವು ಕುಡಿಯುತ್ತೀರಾ ಅಂತ ಕೇಳಬೇಕಿತ್ತು. ಒಂದೇ ಕೋಣೆಯ ಮನೆ, ಅತ್ತೆ ಅಲ್ಲೇ ಕೂತು ರಾಗಿ ಕೇರುತ್ತಿದ್ದಾರೆ. ಸೊಸೆ ನನ್ನ ಮುಖ ನೋಡಿದಳು. ನಾನು 'ಇಲ್ಲ' ಅಂತ ಟಿಕ್ ಹಾಕಿ ಮುಂದೆ ಹೋದೆ. ಅಂಥ ಎಷ್ಟು 'ಇಲ್ಲ'ಗಳು ನಿಮ್ಮ ಅಂಕಿಅಂಶದಲ್ಲಿ ಸೇರಿವೆಯೋ.

ಮಾನ್ಯರೇ, ಈಗ ನಾನು ಕೇಳಿಕೊಳ್ಳುವುದನ್ನು ಕೇಳಿಬಿಡುತ್ತೇನೆ. ಬುಡಕಟ್ಟು ಜನರ ಮೇಲಿನ ಯಾವ ಸಂಶೋಧನೆ ನಿಮ್ಮ ಮೇಜಿಗೆ ಬಂದರೂ, ರಿಪೋರ್ಟ್ ವಾಪಸ್ ಕೊಡುವ ಖರ್ಚು ಬಜೆಟ್ಟಿನಲ್ಲಿ ಇದೆಯಾ ಅಂತ ಮೊದಲು ನೋಡಿ. ಜೀಪಿನ ಡೀಸೆಲ್, ವಿಷಯ ತಿಳಿಸಿ ಹೇಳುವ ಒಬ್ಬ ನರ್ಸ್, ಎರಡು ಮೂರು ದಿನದ ಸಂಬಳ. ಇಷ್ಟಿಲ್ಲದಿದ್ದರೆ ಅರ್ಜಿ ವಾಪಸ್ ಕಳಿಸಿ. ಬೇಕು ಅಂದವರಿಗೆ ಅವರವರ ರಿಪೋರ್ಟ್ ಅವರ ಮನೆಯಲ್ಲೇ, ಗುಟ್ಟಾಗಿ ಸಿಗಬೇಕು. ಎಲ್ಲರಿಗೂ ಸೇರಿದ ವಿಷಯ ಲೇಖನ ಅಚ್ಚಾಗುವ ಮೊದಲೇ ಪೋಡಿನ ಸಭೆಯಲ್ಲಿ ಬರಬೇಕು. ಇದು ಆಗಿದೆ ಅಂತ ಪೋಡಿನವರು ಹೇಳುವವರೆಗೆ ಪ್ರಾಜೆಕ್ಟ್ ಮುಗಿಯಿತು ಅಂತ ಸೀಲು ಹಾಕಬೇಡಿ.

ಗುಟ್ಟಾಗಿ ಅಂತ ಯಾಕೆ ಹೇಳಿದೆ ಅಂದರೆ, ಇದು ಸೂಕ್ಷ್ಮದ ವಿಷಯ. ಇದು ಅಪ್ಪ ಅಮ್ಮನ ಜೀನ್‌ಗಳಿಂದ ಮಕ್ಕಳಿಗೆ ಬರುವ ಕಾಯಿಲೆ. ಸಿಕಲ್ ಸೆಲ್ ಜೀನ್ ಒಂದೇ ಇದ್ದವರು ಸಾಮಾನ್ಯವಾಗಿ ಚೆನ್ನಾಗೇ ಇರುತ್ತಾರೆ. ಮಲೇರಿಯಾ ಬಂದರೆ ಅವರಿಗೆ ಒಂದಿಷ್ಟು ರಕ್ಷಣೆಯೂ ಇರುತ್ತದೆ. ಗಂಡ ಹೆಂಡತಿ ಇಬ್ಬರಲ್ಲೂ ಒಂದೊಂದು ಇದ್ದರೆ, ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದನ್ನು ಸರಿಯಾಗಿ ತಿಳಿಸಿ ಹೇಳದೆ ಸುಮ್ನೆ ಕೈಗೆ ಪರೀಕ್ಷೆಯ ಫಲಿತಾಂಶದ ಕಾರ್ಡ್ ಕೊಟ್ಟು ಬಂದರೆ ಏನಾಗುತ್ತದೆ ಅಂತ ನೋಡಿದ್ದೇನೆ. ಒಬ್ಬ ತಾಯಿ ಮಗಳ ಕಾರ್ಡನ್ನು ಅಕ್ಕಿ ಡಬ್ಬದ ತಳದಲ್ಲಿ ಮುಚ್ಚಿಟ್ಟಿದ್ದಳು. 'ಮದ್ವೆ ಆಗೋಗಂಟ ಯಾರ್ಗೂ ಹೇಳ್ಬ್ಯಾಡ' ಅಂದಳು. ಮದುವೆಗೆ ಮೊದಲು ತಿಳಿಯಲಿ ಅಂತಲೇ ಕೊಟ್ಟ ಕಾರ್ಡು ಅದು.

ಸಾಕ್ಷಿ ಯಾರು ಅಂತ ಪೋಡಿನವರೇ ಹೇಳಲಿ. ನಮ್ಮ ಸಂಬಳ ತಿನ್ನುವ ಯಾರೂ ಬೇಡ, ನನ್ನನ್ನೂ ಸೇರಿಸಿ. ಒಪ್ಪಿಗೆ ಕೇಳುವ ದಿನ ಬೇರೆ, ರಕ್ತ ತೆಗೆಯುವ ದಿನ ಬೇರೆ ಇರಲಿ. ನಡುವೆ ಒಂದು ರಾತ್ರಿ ಸಿಕ್ಕರೂ ಸಾಕು, ಮನೆಯಲ್ಲಿ ಮಾತಾಡಿಕೊಳ್ಳುತ್ತಾರೆ, ಬೇಡ ಅನ್ನುವ ಧೈರ್ಯ ಬರುತ್ತದೆ. ಉಳಿದ ರಕ್ತವನ್ನು ಇಟ್ಟುಕೊಳ್ಳಬೇಕಾದರೆ ಅದಕ್ಕೆ ಬೇರೆಯೇ ಒಪ್ಪಿಗೆ ತೆಗೆದುಕೊಳ್ಳಲಿ. ಇನ್ನೊಂದು ಕೆಲಸಕ್ಕೆ ಬಳಸುವ ಮೊದಲು ಮತ್ತೆ ಬಂದು ಕೇಳಲಿ.

2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿಕಾಯಿ, ಪಾಚಿ ಇವುಗಳ ಮೇಲೆ ಅವರ ಮಾತಿಗೆ ಕಾನೂನಿನ ಬಲ ಇದೆ. ಮರದ ಮೇಲಿನ ಪಾಚಿಗೆ ಗ್ರಾಮಸಭೆ ಬೇಕು, ಮೈಯೊಳಗಿನ ರಕ್ತಕ್ಕೆ ಬೇಡವಾ? ಒಬ್ಬೊಬ್ಬರ ಒಪ್ಪಿಗೆ ಇದ್ದೇ ಇರಲಿ, ಅದರ ಬದಲಿಗೆ ಅಲ್ಲ, ಅದಕ್ಕೂ ಮುಂಚೆ ಪೋಡಿನ ಸಭೆಯಲ್ಲಿ ವಿಷಯ ಬರಲಿ. ಪ್ರಶ್ನೆಪಟ್ಟಿಯನ್ನು ಅಲ್ಲೇ ಒಮ್ಮೆ ಓದಲಿ. ಕಾಡುಗೆಣಸನ್ನು ಅವರೇ ಸೇರಿಸುತ್ತಾರೆ.

ಕೊನೆಯದು, ನಿಮ್ಮ ಕಮಿಟಿಯ ಬಗ್ಗೆಯೇ. ನಿಮ್ಮಲ್ಲಿ ವೈದ್ಯರಿದ್ದಾರೆ, ವಕೀಲರಿದ್ದಾರೆ, ಸಾಮಾನ್ಯ ಜನರ ಪರವಾಗಿ ಅಂತ ಒಬ್ಬ ಸದಸ್ಯರೂ ಇರಬೇಕು ಅನ್ನುತ್ತದೆ ನಿಯಮ. ಬುಡಕಟ್ಟಿನ ಸಂಶೋಧನೆ ಚರ್ಚೆಗೆ ಬಂದ ದಿನವಾದರೂ ಆ ಬುಡಕಟ್ಟಿನ ಒಬ್ಬರನ್ನು ಕೂರಿಸಿಕೊಳ್ಳಿ. ಓದಿದ ಸೋಲಿಗರು, ಜೇನುಕುರುಬರು, ಕೊರಗರು ಈಗ ಬೇಕಾದಷ್ಟು ಜನ ಇದ್ದಾರೆ. ಆ ಅಜ್ಜಿಯನ್ನೇ ಕರೆದರೂ ನನಗೆ ಅಡ್ಡಿಯಿಲ್ಲ, ಐದು ಪುಟದ ಫಾರಮ್ಮಿಗೆ ಅವರು ಕೇಳಿದಂಥ ಪ್ರಶ್ನೆಯನ್ನು ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ.

ನಡೆಯುತ್ತಿರುವ ಸಂಶೋಧನೆಯನ್ನು ಸ್ಥಳಕ್ಕೇ ಬಂದು ನೋಡುವ ಅಧಿಕಾರ ನಿಮಗೆ ಇದೆ. ಒಂಬತ್ತು ವರ್ಷದಲ್ಲಿ ಒಬ್ಬರೂ ಬಂದದ್ದನ್ನು ನಾನು ಕಂಡಿಲ್ಲ. ದಯವಿಟ್ಟು ಒಮ್ಮೆ ಬನ್ನಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬೇಡ, ಅರ್ಧ ಪೋಡು ತೋಟದ ಕೆಲಸಕ್ಕೆ ಹೋಗಿರುತ್ತದೆ. ಹಗಲೂ ಬೇಡ, ಕೂಲಿ ತಪ್ಪುತ್ತದೆ. ಸಂಜೆ ಆರರ ಮೇಲೆ ಬಂದರೆ ಎಲ್ಲರೂ ಮನೆಯಲ್ಲಿರುತ್ತಾರೆ. ಕೊನೆಯ ಎರಡು ಕಿಲೋಮೀಟರ್ ನಡೆಯಬೇಕಾಗುತ್ತದೆ, ಬ್ಯಾಟರಿ ತನ್ನಿ. ಆನೆ ಓಡಾಡುವ ದಾರಿ, ಹಾಗಾಗಿ ಮುಂಚೆಯೇ ಹೇಳಿ, ಪೋಡಿನ ಇಬ್ಬರು ಬಂದು ಕರೆದುಕೊಂಡು ಹೋಗುತ್ತಾರೆ. ಬರುವಾಗ ಆ ಹಳೆಯ ಫೈಲು ಸಿಕ್ಕರೆ ತನ್ನಿ. ಇನ್ನು ಮೂವತ್ತು ನಂಬರುಗಳ ಹೆಸರು ನನ್ನ ಡೈರಿಯಲ್ಲಿದೆ.

ಇಂತಿ,
ನಿಮ್ಮ ಸೀಲು ಬಿದ್ದ ಫಾರಂಗಳನ್ನು ತುಂಬಿಸಿದ ಒಬ್ಬ ಫೀಲ್ಡ್ ವರ್ಕರ್
ಚಾಮರಾಜನಗರ ಜಿಲ್ಲೆ